ಸೊಂಟದ ಸುತ್ತಳತೆಯೂ ಉಸಿರಾಟದ ಸೋಂಕೂ



ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ನೆರೆಯ ಕಲಬುರಗಿಯಲ್ಲಿ. ಅಲ್ಲಿಂದ ಮುಂದೆ, ಅಪಾಯ ಯಾರಿಗೆ ಎಂದು ಕೇಳಿದಾಗಲೆಲ್ಲ ವಯೋವೃದ್ಧರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡದವರು ಎಂಬ ಉತ್ತರ ಬಾಯಿಪಾಠವಾಯಿತು. ಬೊಜ್ಜು ಆ ಪಟ್ಟಿಯ ಕೊನೆಯಲ್ಲಿತ್ತು. ಹಲವರ ಮನಸ್ಸಿನಲ್ಲಿ ಪಟ್ಟಿಯೊಳಗೇ ಇರಲಿಲ್ಲ. ಹೊಟ್ಟೆ ಬಂದವನನ್ನು ಕಂಡು ‘ಮೈ ತುಂಬಿ ಬಂದಾನ’ ಎಂದು ಹಿಗ್ಗುವ ಸೀಮೆ ಇದು. ಬರಗಾಲ ಕಂಡ ಹಿರಿಯರಿಗೆ ಅದು ಸುಭಿಕ್ಷದ ಗುರುತು; ಅವರನ್ನು ದೂರುವಂತಿಲ್ಲ.

ವೈದ್ಯರಿಗೆ ಈ ಸಂಗತಿ ಹೊಸದಲ್ಲ. 2009ರ ಎಚ್1ಎನ್1 ಜ್ವರದಲ್ಲಿಯೇ ತೀವ್ರ ನಿಗಾ ಘಟಕ ಸೇರಿದವರಲ್ಲಿ ಸ್ಥೂಲಕಾಯದವರು ಅಧಿಕವಾಗಿದ್ದುದು ಹಲವು ದೇಶಗಳಲ್ಲಿ ಕಂಡುಬಂದಿತ್ತು. ಇಂಗ್ಲೆಂಡಿನ 69 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ದೇಹತೂಕ ಸೂಚ್ಯಂಕ 23 ದಾಟಿದೊಡನೆ ಕೋವಿಡ್‌ನಿಂದ ಆಸ್ಪತ್ರೆ ಸೇರುವ ಹಾಗೂ ಸಾಯುವ ಅಪಾಯ ಏರುತ್ತ ಹೋಗುವುದನ್ನು ತೋರಿಸಿತು. ತೂಕದಿಂದ ಹೆಚ್ಚುವ ಈ ಅಪಾಯದ ಅನುಪಾತ 40 ವರ್ಷದೊಳಗಿನವರಲ್ಲಿ ಎದ್ದು ಕಂಡಿತು. ಪ್ರಾಯದವನಿಗೆ ಏನೂ ಆಗದು ಎಂಬ ಭರವಸೆ ಇಲ್ಲಿ ನಿಲ್ಲುವುದಿಲ್ಲ.

ಕಾರಣ ಸರಳ. ಕಮ್ಮಾರನ ತಿದಿಯ ಮೇಲೆ ಜೋಳದ ಚೀಲವಿಟ್ಟರೆ ಗಾಳಿ ಎಷ್ಟು ಹೋದೀತು? ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಅಂಗಾತ ಮಲಗಿದಾಗ ಒತ್ತಡ ಇನ್ನೂ ಹೆಚ್ಚಿ, ಶ್ವಾಸಕೋಶದ ಕೆಳಭಾಗಗಳು ಪೂರ್ತಿ ಅರಳುವುದಿಲ್ಲ. ಆರೋಗ್ಯವಂತನಿಗೆ ಈ ಕೊರತೆ ತಿಳಿಯದು; ಸೋಂಕು ತಗುಲಿದಾಗ ಮೀಸಲು ಶಕ್ತಿಯೇ ಉಳಿದಿರುವುದಿಲ್ಲ. ಇದರೊಡನೆ ಕೊಬ್ಬಿನ ಅಂಗಾಂಶವು ಉರಿಯೂತದ ರಾಸಾಯನಿಕಗಳನ್ನು ಸದಾ ಸ್ರವಿಸುತ್ತಿರುತ್ತದೆ. ರಕ್ಷಣಾ ವ್ಯವಸ್ಥೆ ಮೊದಲು ತಡವರಿಸಿ, ಆಮೇಲೆ ಅತಿರೇಕಕ್ಕೆ ಹೋಗುತ್ತದೆ. ರೋಗಿಯನ್ನು ಬೋರಲು ಮಲಗಿಸುವುದು, ಕೃತಕ ಉಸಿರಾಟದ ನಳಿಕೆ ಅಳವಡಿಸುವುದು ಸಹ ಭಾರವಾದ ದೇಹದಲ್ಲಿ ಕಷ್ಟ.

ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಸೂಚ್ಯಂಕ ದೊರೆಯುತ್ತದೆ. 165 ಸೆಂ.ಮೀ. ಎತ್ತರದವರು 63 ಕೆ.ಜಿ. ತೂಗಿದಾಗಲೇ 23 ದಾಟುತ್ತಾರೆ. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಬೊಜ್ಜು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 25 ಮುಟ್ಟಿದ ಅಥವಾ ಮೀರಿದ ಮಹಿಳೆಯರು ಶೇ. 30.1, ಪುರುಷರು ಶೇ. 30.9. ರಾಜ್ಯದಲ್ಲಿ ಈ ಸಮೀಕ್ಷೆಯ ಕ್ಷೇತ್ರಕಾರ್ಯ ನಡೆದದ್ದು 2019ರಲ್ಲಿ, ಅಂದರೆ ಕೋವಿಡ್ ಬಾಗಿಲಿಗೆ ಬರುವ ಮುನ್ನ.

ವಿಜಯಪುರ ನಗರದ ಕಚೇರಿ ಕುರ್ಚಿಗಳಿಗಷ್ಟೇ ಈ ಮಾತು ಸೀಮಿತವೆಂದು ತಿಳಿಯಬಾರದು. ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ನೀರು ಹರಿದು ದ್ರಾಕ್ಷಿ ಬಂದಿದೆ. ನಡೆದು ಹೋಗುತ್ತಿದ್ದ ಹೊಲಕ್ಕೆ ಬೈಕು ಹೋಗುತ್ತದೆ. ಜೋಳದ ರೊಟ್ಟಿ, ಕಾಳುಪಲ್ಯ ತಪ್ಪು ಮಾಡಿಲ್ಲ. ಸಂಜೆಯ ಮಿರ್ಚಿ ಭಜಿ ಮತ್ತು ಬೇಕರಿ ತಿನಿಸಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಭಾರತದಲ್ಲಿ ಫ್ಲೂ ಮಳೆಗಾಲದಲ್ಲೂ ಜನವರಿಯಿಂದ ಮಾರ್ಚ್‌ವರೆಗೂ ಹೆಚ್ಚುತ್ತದೆ. ಎರಡನೆಯ ಅವಧಿ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಜನ ಒತ್ತಾಗಿ ದುಡಿಯುವ ಕಾಲ.

ಆದುದರಿಂದ 30 ವರ್ಷ ಮೀರಿದವರ ಸಕ್ಕರೆ, ರಕ್ತದೊತ್ತಡ ತಪಾಸಣೆಯ ವೇಳೆ ಸೊಂಟವನ್ನೂ ತಪ್ಪದೆ ಅಳೆಯತಕ್ಕದ್ದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ ಟೇಪು ಹಿಡಿಯಬೇಕು. ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ಮಿತಿ. ಅಳತೆಯನ್ನು ನಾಲ್ಕು ಜನರೆದುರು ಕೂಗಿ ಹೇಳಬಾರದು. ನಾಚಿಕೆಗೊಂಡವರು ಮುಂದಿನ ಸಲ ಜ್ವರ ಬಂದರೂ ಬಾಗಿಲು ತೆರೆಯುವುದಿಲ್ಲ.

ಮಿತಿ ಮೀರಿದವರಿಗೆ ಜ್ವರ, ಕೆಮ್ಮು ಬಂದರೆ ಮೂರು ದಿನ ಕಾದು ನೋಡುವ ವಾಡಿಕೆ ಬೇಡ. ಫ್ಲೂ ಔಷಧಿ ಒಸೆಲ್ಟಾಮಿವಿರ್ 48 ಗಂಟೆಗಳೊಳಗೆ ಆರಂಭವಾದಾಗ ಹೆಚ್ಚು ಫಲಕಾರಿ. ಅದನ್ನು ಕೊಡಬೇಕೇ ಎಂಬುದು ವೈದ್ಯರ ತೀರ್ಮಾನ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಅಥವಾ ಏದುಸಿರು ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಕಳುಹಿಸಬೇಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್‌ಗಳು ಕಪಾಟಿನಲ್ಲಿದ್ದರೆ ಹೊರತೆಗೆದು, ಬ್ಯಾಟರಿ ಬದಲಿಸಿ, ಈ ವಾರವೇ ಪರೀಕ್ಷಿಸಿ ಇಡತಕ್ಕದ್ದು.