ಚುನಾವಣೆಯ ಲೆಕ್ಕ ಬರೆಯುವವರು ಯಾರು?

(ಮುತ್ತಿನಕೊಪ್ಪದಲ್ಲಿ ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವಾರ ಇಲ್ಲಿಯ ಒಂದು ಹೋಟೆಲಿನಲ್ಲಿ ಇಬ್ಬರಿಗೆ ವಾದ ಹತ್ತಿತು. "ಇಂದಿರಾ ಗಾಂಧಿಯವರು ಐದು ವರ್ಷ ನಮ್ಮ ಕ್ಷೇತ್ರದ ಸದಸ್ಯರಾಗಿದ್ದರು" ಎಂದು ಒಬ್ಬರು. "ಇಲ್ಲ ಮಾರಾಯ್ರೆ, ಗೆದ್ದದ್ದು ಹೌದು, ಪಾರ್ಲಿಮೆಂಟಿನ ಒಳಗೆ ಕಾಲಿಡಲೇ ಇಲ್ಲ" ಎಂದು ಇನ್ನೊಬ್ಬರು. ಒಂದು ಕಾಫಿಗೆ ಪಂಥವೂ ಆಯಿತು. "ಮೇಷ್ಟ್ರೇ, ನೀವೇ ಹೇಳಿ" ಎಂದು ನನ್ನ ಕಡೆ ತಿರುಗಿದರು. ಮೇಷ್ಟ್ರು ತಡವರಿಸಿದರು. ಕೊನೆಗೆ ಪಕ್ಕದ ಮೇಜಿನ ಹುಡುಗನೊಬ್ಬ ಫೋನು ತೆಗೆದು ವಿಕಿಪೀಡಿಯ ನೋಡಿ ತೀರ್ಪು ಕೊಟ್ಟ.

ಸಂಗತಿ ಹೀಗಿದೆ. ೧೯೭೭ರಲ್ಲಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣರ ಎದುರು ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ. ಬಿ. ಚಂದ್ರೇಗೌಡರು ಚಿಕ್ಕಮಗಳೂರು ಸ್ಥಾನವನ್ನು ಬಿಟ್ಟುಕೊಟ್ಟರು. ೧೯೭೮ರ ನವೆಂಬರಿನ ಉಪಚುನಾವಣೆಯಲ್ಲಿ ಅವರು ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ೭೦ ಸಾವಿರಕ್ಕೂ ಹೆಚ್ಚು ವೋಟುಗಳಿಂದ ಸೋಲಿಸಿದರು. ಪಾರ್ಲಿಮೆಂಟಿಗೆ ಹೋದರು. ಅದೇ ಡಿಸೆಂಬರ್ ೧೯ರಂದು, ಹಕ್ಕುಚ್ಯುತಿಯ ಆರೋಪದ ಮೇಲೆ ಸದನ ಅವರನ್ನು ಹೊರಹಾಕಿತು. ಎರಡು ತಿಂಗಳೂ ತುಂಬಲಿಲ್ಲ. ಪಂಥದಲ್ಲಿ ಇಬ್ಬರೂ ಸೋತರು. ಕಾಫಿಯ ದುಡ್ಡು ನಾನು ಕೊಟ್ಟೆ.

ಆದರೆ ಮನೆಗೆ ಬಂದಮೇಲೆ ಒಂದು ವಿಚಾರ ನನ್ನನ್ನು ಕಾಡಿತು. ಹುಡುಗ ಓದಿದ್ದು ಇಂಗ್ಲಿಷಿನ ಪುಟ. ನಮ್ಮ ತಂದೆತಾಯಿಗಳು ಸಾಲಿನಲ್ಲಿ ನಿಂತು ಹಾಕಿದ ವೋಟಿನ ಕಥೆ ನಮಗೆ ಬೇರೆ ಭಾಷೆಯಿಂದ ತಿಳಿಯಬೇಕಾಯಿತು. ಅದನ್ನು ಬರೆದವರು ಯಾರೋ, ಯಾವ ಊರಿನವರೋ. ವೋಟು ನಮ್ಮದು, ಲೆಕ್ಕ ಇನ್ನೊಬ್ಬರದು. ಇದು ಸರಿಯೇ? ಇದೇ ಈ ಸಂಜೆಯ ನನ್ನ ಮಾತು.

ಎಲ್ಲರ ಪುಸ್ತಕ

ವಿಶ್ವಕೋಶವೆಂದರೆ ಪಂಡಿತರ ಕೆಲಸವೆಂದು ನಾವು ತಿಳಿದಿದ್ದೆವು. ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ 'ಬಾಲ ಪ್ರಪಂಚ' ಬರೆದರು. ಮೈಸೂರು ವಿಶ್ವವಿದ್ಯಾನಿಲಯ ವಿದ್ವಾಂಸರನ್ನು ಕೂಡಿಸಿ ೧೯೬೯ರಿಂದ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೊರತಂದಿತು. ಇವು ದೊಡ್ಡ ಕೆಲಸಗಳು. ಆದರೆ ೨೦೦೧ರಲ್ಲಿ ಹುಟ್ಟಿದ ವಿಕಿಪೀಡಿಯದ ಕಟ್ಟಳೆಯೇ ಬೇರೆ. ಕನ್ನಡದಲ್ಲಿ ಅದು ಶುರುವಾದದ್ದು ೨೦೦೩ರಲ್ಲಿ. ಅಲ್ಲಿ ಸಂಬಳದ ಲೇಖಕರಿಲ್ಲ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಗಿರಣಿಯಲ್ಲಿ ಭತ್ತ ಸುರಿಯುವವನು ಪ್ರೊಫೆಸರರ ತಪ್ಪು ತಿದ್ದಬಹುದು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನನ್ನು ತಿದ್ದಿದರು ಎಂಬುದೆಲ್ಲ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಜಗಳವಿದ್ದರೆ ಆಡಲು ಚರ್ಚೆಯ ಪುಟವೇ ಬೇರೆ ಇದೆ.

ಇಂಗ್ಲಿಷಿನಲ್ಲಿ ೬೦ ಲಕ್ಷಕ್ಕೂ ಮೀರಿ ಲೇಖನಗಳಿವೆ. ಕನ್ನಡದಲ್ಲಿ ಇರುವುದು ಕೆಲವು ಹತ್ತು ಸಾವಿರ. ಬರೆಯುವ ಕೈ ಕಡಿಮೆ, ಅಷ್ಟೆ. ೧೯೬೭ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ. ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದರು. ಅಲ್ಲಿ ಎದ್ದುನಿಂತು ಮಾತನಾಡುವುದಕ್ಕಿಂತ ಇಲ್ಲಿ ಕುಳಿತು ಬರೆಯುವುದು ಕಷ್ಟವೇ?

ಕಿರ್ದಿಯ ನಿಯಮ

ವ್ಯಾಪಾರಿ ಬಂಧುಗಳಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಿರ್ದಿಯಲ್ಲಿ ಬರೆದ ಪ್ರತಿ ಸಾಲಿಗೂ ಒಂದು ರಸೀದಿ ಬೇಕು. ರಸೀದಿ ಇಲ್ಲದ ಖರ್ಚನ್ನು ಪಾಲುದಾರ ಒಪ್ಪುವುದಿಲ್ಲ. ಈ ವಿಶ್ವಕೋಶದ ಮೊದಲ ನಿಯಮವೂ ಅದೇ. ಯಾವ ಅಂಕಿ ಬರೆದರೂ ಅದು ಎಲ್ಲಿ ಪ್ರಕಟವಾಗಿದೆ ಎಂದು ಪಕ್ಕದಲ್ಲಿಯೇ ತೋರಿಸಬೇಕು. ಚುನಾವಣೆಗೆ ಒಳ್ಳೆಯ ರಸೀದಿ ಚುನಾವಣಾ ಆಯೋಗದ ಅಂಕಿಅಂಶಗಳ ವರದಿ. ಒಂದೊಂದು ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಿತ್ತು ಎಂದು ತಿಳಿಯಬೇಕಾದರೆ 'ನಮೂನೆ ೨೦' ಎಂಬ ಫಲಿತಾಂಶ ಪಟ್ಟಿ ಇದೆ.

ಎರಡನೆಯ ನಿಯಮ, ಅವಸರ ಕೂಡದು. ೨೦೨೪ರ ಜೂನ್ ೪ರಂದು ಎಣಿಕೆ. ಅಂಥ ದಿನ ಮುನ್ನಡೆ ಗಂಟೆಗೊಮ್ಮೆ ಬದಲಾಗುತ್ತದೆ. ಹತ್ತು ಗಂಟೆಯ ಮುನ್ನಡೆಯನ್ನು ನೋಡಿ 'ಗೆದ್ದರು' ಎಂದು ಬರೆಯುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಚುನಾವಣಾಧಿಕಾರಿ ಘೋಷಿಸುವ ತನಕ ಕೈ ಕಟ್ಟಿ ಕೂರುವುದೇ ಪ್ರಾಮಾಣಿಕತೆ. ಭತ್ತ ತೂಗುವ ಮೊದಲೇ ಚೀಟಿ ಬರೆಯುತ್ತಾರೆಯೇ?

ಮೂರನೆಯದು ಸ್ವಲ್ಪ ಗಹನವಾದದ್ದು, ಗಮನವಿಟ್ಟು ಕೇಳಬೇಕು. ೨೦೨೪ರ ಮೊದಲ ಹಂತದ ಮತದಾನ ಏಪ್ರಿಲ್ ೧೯ರಂದು ನಡೆಯಿತು. ಎರಡನೆಯದು, ನಮ್ಮ ಉಡುಪಿ ಚಿಕ್ಕಮಗಳೂರು ಕ್ಷೇತ್ರವೂ ಸೇರಿದ ಹಂತ, ಏಪ್ರಿಲ್ ೨೬ರಂದು. ಮೊದಲ ಹಂತದ ಸಂಜೆ ಶೇಕಡಾ ೬೦ರ ಆಸುಪಾಸು ಎಂದು ಹೇಳಿದ್ದು ಏಪ್ರಿಲ್ ೩೦ರ ಪ್ರಕಟಣೆಯಲ್ಲಿ ೬೬.೧೪ ಆಯಿತು. ಎರಡನೆಯ ಹಂತ ೬೬.೭೧. ಸಂಜೆಯ ಅಂಕಿ ತಾತ್ಕಾಲಿಕವೆಂದು ಆಯೋಗ ಹೇಳಿತು. ಶೇಕಡಾವಾರು ಮಾತ್ರ ಕೊಟ್ಟರೆ ಸಾಲದು, ವೋಟು ಹಾಕಿದವರ ಸಂಖ್ಯೆಯನ್ನೇ ಕೊಡಿ ಎಂದು ಹಲವರು ಕೇಳಿದರು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೋರ್ಟು ಮೇ ೨೪ರಂದು ಮಧ್ಯಂತರ ಆದೇಶ ಕೊಡಲು ಒಪ್ಪಲಿಲ್ಲ. ಮರುದಿನ ಆಯೋಗ ತಾನಾಗಿಯೇ ಮೊದಲ ಐದು ಹಂತಗಳ ಸಂಖ್ಯೆಯನ್ನು ಪ್ರಕಟಿಸಿತು.

ಇದನ್ನು ವಿಶ್ವಕೋಶದಲ್ಲಿ ಹೇಗೆ ಬರೆಯಬೇಕು? 'ಮೋಸ ನಡೆಯಿತು' ಎಂದು ಬರೆಯುವಂತಿಲ್ಲ. 'ಏನೂ ನಡೆಯಲಿಲ್ಲ' ಎಂದು ಬರೆದು ಮುಚ್ಚುವಂತೆಯೂ ಇಲ್ಲ. ಕೇಳಿದವರು ಏನು ಕೇಳಿದರು, ಆಯೋಗ ಏನು ಹೇಳಿತು, ಯಾವ ತಾರೀಖು ಯಾವ ಅಂಕಿ ಬಂತು, ಇಷ್ಟನ್ನೂ ಸಾಲಾಗಿ ಇಡಬೇಕು. ತೀರ್ಮಾನ ಓದುವವನದು.

ಕೆಲಸಗಾರ ಗೆಳೆಯರಲ್ಲಿ ಮತಗಟ್ಟೆಯ ಏಜೆಂಟರಾಗಿ ಕುಳಿತವರು ಬಹಳ ಮಂದಿ ಇದ್ದಾರೆ. ಮತದಾನ ಮುಗಿದಾಗ ಬಿದ್ದ ವೋಟಿನ ಲೆಕ್ಕದ ಪ್ರತಿ, 'ನಮೂನೆ ೧೭-ಸಿ', ಕೇಳಿ ಪಡೆಯುವುದು ನಿಮ್ಮ ಹಕ್ಕು. ಎಷ್ಟೋ ಜನ ಅದನ್ನು ಜೇಬಿನಲ್ಲಿ ಮಡಿಸಿಟ್ಟು ಅಂಗಿಯ ಜೊತೆ ಒಗೆಯಲು ಹಾಕುತ್ತಾರೆ! ಪ್ರಕಟವಾಗದ ಆ ಕಾಗದವನ್ನು ವಿಶ್ವಕೋಶ ಆಧಾರವೆಂದು ಒಪ್ಪುವುದಿಲ್ಲ, ನಿಜ. ಆದರೆ ಪ್ರಕಟವಾದ ಅಂಕಿಯನ್ನು ತಾಳೆ ನೋಡಲು ಅದು ನಿಮ್ಮ ಕೈಯಲ್ಲಿರಬೇಕು.

ನನ್ನ ತಪ್ಪು

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಬರೆಯಲು ಕಲಿತ ಹೊಸತರಲ್ಲಿ ೧೯೭೮ರ ಉಪಚುನಾವಣೆಯ ವಿಷಯಕ್ಕೆ ಕೈ ಹಾಕಿದೆ. ಜಾರ್ಜ್ ಫರ್ನಾಂಡಿಸರು ಇಲ್ಲಿಯೇ ಬೀಡುಬಿಟ್ಟು ಇಂದಿರಾ ಗಾಂಧಿಯವರ ವಿರುದ್ಧ ಪ್ರಚಾರ ಮಾಡಿದ್ದ ಚುನಾವಣೆ ಅದು. ಆ ಅಭಿಮಾನದಲ್ಲಿ 'ಜನ ಮೋಸಹೋದರು' ಎಂದು ಬರೆದುಬಿಟ್ಟೆ. ಮರುದಿನ ನೋಡಿದರೆ ಸಾಲು ಮಾಯ! ಚರ್ಚೆಯ ಪುಟದಲ್ಲಿ ಯಾರೋ ಕೇಳಿದ್ದರು: "ಇದನ್ನು ಹೇಳಿದವರು ಯಾರು? ಎಲ್ಲಿ ಪ್ರಕಟವಾಗಿದೆ?"

ಸಿಟ್ಟು ಬಂತು. ನಾನು ಮೇಷ್ಟ್ರು, ನನಗೇ ಪಾಠವೇ ಎಂದುಕೊಂಡೆ. ರಾತ್ರಿ ಯೋಚಿಸಿದಾಗ ನಾಚಿಕೆಯಾಯಿತು. ಶಾಲೆಯಲ್ಲಿ ಲೆಕ್ಕದ ಹಂತ ತೋರಿಸದೆ ಬರೀ ಉತ್ತರ ಬರೆದ ಹುಡುಗನಿಗೆ ನಾನು ಅಂಕ ಕೊಟ್ಟವನಲ್ಲ. ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ನಮ್ಮ ಕಡೆಯವರಿಗೆ ವೋಟು ಹಾಕಿದ ಕೂಲಿಯವನು ಬುದ್ಧಿವಂತ, ಅವರಿಗೆ ಹಾಕಿದ ಕೂಲಿಯವಳು ಮೋಸಹೋದವಳು ಎನ್ನಲು ನಾನು ಯಾರು? ಅವಳು ಯೋಚಿಸಿಯೇ ಹಾಕಿರಬಹುದಲ್ಲವೇ? ವೋಟಿಗೆ ಮರ್ಯಾದೆ ಕೊಡುವುದೆಂದರೆ ನಮಗೆ ಬಾರದ ವೋಟಿಗೂ ಮರ್ಯಾದೆ ಕೊಡುವುದು. ಆಮೇಲೆ ನಾನು ಪಕ್ಷದ ಮಾತನ್ನು ವೇದಿಕೆಯಲ್ಲಿ ಆಡುತ್ತೇನೆ. ಆ ಪುಟದಲ್ಲಿ ಆಡುವುದಿಲ್ಲ. ನಮ್ಮದೇ ಪಕ್ಷದ ಉಮೇದುವಾರರ ಪುಟವನ್ನಂತೂ ಮುಟ್ಟುವುದಿಲ್ಲ.

ಬರೆಯದ ಹೆಸರು

ಒಬ್ಬ ಹಿರಿಯರು ನನ್ನನ್ನು ಕೇಳಿದರು: "ಅಚ್ಚಾದದ್ದು ಮಾತ್ರ ಸತ್ಯವೋ ಮೇಷ್ಟ್ರೇ? ೧೯೭೮ರಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಬೆಲೆಯಿಲ್ಲವೋ?" ಈ ಪ್ರಶ್ನೆ ನ್ಯಾಯವಾದದ್ದು. ಅಚ್ಚಿನ ಪುಸ್ತಕದಲ್ಲಿ ದೊಡ್ಡವರ ಹೆಸರಿರುತ್ತದೆ. ಸಾಲಿನಲ್ಲಿ ನಿಂತವರ ಹೆಸರಿರುವುದಿಲ್ಲ. ಚಿಕ್ಕಮಗಳೂರು ಎಂದರೆ ಲೋಕಕ್ಕೆಲ್ಲ ೧೯೭೮ ಗೊತ್ತು. ಆದರೆ ೧೯೬೭ರಲ್ಲಿ ಇದೇ ಕ್ಷೇತ್ರದಿಂದ ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡರು ಗೆದ್ದಿದ್ದರೆಂದು ಇಲ್ಲಿ ಎಷ್ಟು ಜನರಿಗೆ ಗೊತ್ತು? ೧೯೫೨ಕ್ಕೆ ಮುಗಿದ ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು ೨೮ ಲಕ್ಷ ಹೆಂಗಸರು ಬಿಟ್ಟುಹೋದರು. ಹೆಚ್ಚಾಗಿ ಉತ್ತರದ ಪ್ರಾಂತಗಳಲ್ಲಿ. ಏಕೆ? ತಮ್ಮ ಹೆಸರು ಹೇಳದೆ 'ಇಂಥವನ ಹೆಂಡತಿ', 'ಇಂಥವನ ತಾಯಿ' ಎಂದು ಬರೆಸಿದ್ದರು. ಹೆಸರು ಬರೆಯದಿದ್ದವರಿಗೆ ವೋಟೂ ಇಲ್ಲವಾಯಿತು. ಅಂದು ಪಟ್ಟಿಯ ಗತಿ ಏನಾಯಿತೋ ಇಂದು ಇತಿಹಾಸದ ಗತಿಯೂ ಅದೇ.

ಆ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟೆ. ನಿಯಮ ಮುರಿಯುವುದು ಬೇಡ. ನೆನಪನ್ನು ಅಚ್ಚಿಗೆ ತರೋಣ. ನೋಡಿದವರು ಇನ್ನೂ ಇರುವಾಗಲೇ ಹೋಗಿ ಕೇಳಿ, ಊರು ತಾರೀಖು ಸಹಿತ ಬರೆದು, ಪತ್ರಿಕೆಗಳಲ್ಲಿ ಪ್ರಕಟಿಸೋಣ. ಇಂಥ ಪಕ್ಷದ ಪತ್ರಿಕೆಯಲ್ಲಿ ಬಂದದ್ದನ್ನು 'ಇಂಥ ಪತ್ರಿಕೆ ಹೀಗೆ ಬರೆಯಿತು' ಎಂದೇ ಹೇಳಬೇಕು; ಅದಕ್ಕೂ ನಾವು ಒಪ್ಪಬೇಕು. ಅಂಗಡಿಯಲ್ಲಿ ಹಳೆಯ ಪತ್ರಿಕೆಗಳನ್ನು ಪೊಟ್ಟಣ ಕಟ್ಟಲು ಹರಿಯುವ ಮೊದಲು ಒಂದು ಸಲ ನೋಡಿ. ಚುನಾವಣೆಯ ವರದಿಯಿದ್ದರೆ ಎತ್ತಿಡಿ.

ಇನ್ನೊಂದು ಎಚ್ಚರಿಕೆ. ೨೦೦೪ರವರೆಗೆ ನಾವು ವೋಟು ಹಾಕಿದ್ದು ಚಿಕ್ಕಮಗಳೂರು ಕ್ಷೇತ್ರಕ್ಕೆ. ೨೦೦೯ರಿಂದ ಅದು ಉಡುಪಿ ಚಿಕ್ಕಮಗಳೂರು. ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಹೀಗೆ ಘಟ್ಟದ ಮೇಲಿನವೂ ಕೆಳಗಿನವೂ ಸೇರಿ ಎಂಟು ವಿಧಾನಸಭಾ ಕ್ಷೇತ್ರಗಳು ಅದರಲ್ಲಿವೆ. ನಾವು ಶೃಂಗೇರಿಯಲ್ಲಿ ಬರುತ್ತೇವೆ. ೨೦೦೪ರ ಅಂಕಿಯ ಪಕ್ಕದಲ್ಲಿ ೨೦೦೯ರ ಅಂಕಿಯಿಟ್ಟು 'ಇಷ್ಟು ವೋಟು ಏರಿತು' ಎಂದರೆ ಎರಡು ಗದ್ದೆಗಳ ಫಸಲನ್ನು ಒಂದೇ ಗದ್ದೆಯದೆಂದು ತೋರಿಸಿದಂತೆ.

ಮಾಡಬೇಕಾದದ್ದು ಸಣ್ಣದು. ವಾರಕ್ಕೊಂದು ಸಂಜೆ ನಾಲ್ಕು ಜನ ಕೂಡಿ. ಓದಿದ ಹುಡುಗ ಹುಡುಗಿಯರು ಫೋನಿನಲ್ಲಿ ಬರೆಯಲಿ. ಲೆಕ್ಕ ಬಲ್ಲ ಅಂಗಡಿಯವರು ಅಂಕಿ ಕೂಡಿ ನೋಡಲಿ. ಹಿರಿಯರು ಊರುಗಳ ಹೆಸರು ತಿದ್ದಲಿ. ನಮ್ಮ ಕ್ಷೇತ್ರದ ಒಂದೊಂದು ಚುನಾವಣೆಯನ್ನೂ ೧೯೫೨ರಿಂದ ೨೦೨೪ರವರೆಗೆ, ಗೆದ್ದವರದೂ ಸೋತವರದೂ, ಕನ್ನಡದಲ್ಲಿ, ರಸೀದಿ ಸಹಿತ ಬರೆಯೋಣ.

ನಾವು ಬರೆಯದಿದ್ದರೆ ಆ ಪುಟ ಖಾಲಿ ಇರುತ್ತದೆಂದು ತಿಳಿಯಬೇಡಿ. ಬೇರೆ ಯಾರೋ, ತಮ್ಮ ಲಾಭ ನೋಡಿಕೊಂಡು, ತುಂಬುತ್ತಾರೆ. ವೋಟು ಹಾಕಿದ ಬೆರಳಿನ ಶಾಯಿ ಕೆಲವು ವಾರಗಳಲ್ಲಿ ಅಳಿಯುತ್ತದೆ. ಅದೇ ಬೆರಳಿನಿಂದ ಸತ್ಯವಾಗಿ ಬರೆದದ್ದು ಉಳಿಯುತ್ತದೆ.