ಐವತ್ತರಲ್ಲಿ ಹೊಸ ಆರಂಭ: ಮ್ಯಾಕ್ಸ್ ಬಾರ್ನ್ ಅವರ ಪರದೇಶದ ಪಾಠಗಳು



ಓದು ಮುಗಿದು ಒಂದು ಕೆಲಸ ಸಿಕ್ಕಿತೆಂದರೆ ಜೀವನ ದಡ ಮುಟ್ಟಿತು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಹುದ್ದೆ, ಹೆಸರು, ಮನೆ ಎಲ್ಲವೂ ಇದ್ದ ಪ್ರಾಧ್ಯಾಪಕರೊಬ್ಬರು ಐವತ್ತನೆಯ ವಯಸ್ಸಿನಲ್ಲಿ ಅವೆಲ್ಲವನ್ನೂ ಕಳೆದುಕೊಂಡು, ಪರದೇಶದಲ್ಲಿ ಪರಭಾಷೆಯಲ್ಲಿ ತಾತ್ಕಾಲಿಕ ಉಪನ್ಯಾಸಕರಾಗಿ ಮತ್ತೆ ಆರಂಭಿಸಬೇಕಾಗಿ ಬಂದರೆ? ಅಂಥ ಒಬ್ಬರನ್ನು ಕುರಿತು ಈ ದಿನ ಹೇಳಬಯಸುತ್ತೇನೆ. ಅವರು ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಅವರ ಅಲೆದಾಟದ ಹಾದಿಯಲ್ಲಿ ನಮ್ಮ ಬೆಂಗಳೂರೂ ಒಂದು ತಂಗುದಾಣವಾಗಿತ್ತು.

ಬಾರ್ನ್ ಹುಟ್ಟಿದ್ದು 1882ರಲ್ಲಿ. 1921ರಿಂದ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1925ರಲ್ಲಿ ಅವರ ಬಳಿ ಕೆಲಸ ಮಾಡುತ್ತಿದ್ದ ತರುಣ ಹೈಸನ್‌ಬರ್ಗ್, ಪರಮಾಣುವಿಗೆ ಸಂಬಂಧಿಸಿದ ವಿಚಿತ್ರ ಲೆಕ್ಕವೊಂದನ್ನು ಬರೆದು ತಂದರು. ಗಣಿತಜ್ಞರು ಮ್ಯಾಟ್ರಿಕ್ಸ್ ಎಂದು ಕರೆಯುವುದೇ ಇದು ಎಂದು ಗುರುತಿಸಿದವರು ಬಾರ್ನ್. ಮರುವರ್ಷ ಅವರು ಇನ್ನೊಂದು ದೊಡ್ಡ ಹೆಜ್ಜೆ ಇಟ್ಟರು. ಎಲೆಕ್ಟ್ರಾನ್ ಇಂಥಲ್ಲಿಯೇ ಇದೆ ಎಂದು ಹೇಳಲಾಗದು, ಅಲ್ಲಿ ಸಿಗುವ ಸಂಭವ ಎಷ್ಟು ಎಂಬುದನ್ನು ಮಾತ್ರ ಹೇಳಬಹುದು ಎಂದರು. ಇಂದು ಕಾಲೇಜಿನಲ್ಲಿ ನೀವು ಓದುವ ಕ್ವಾಂಟಂ ಸಿದ್ಧಾಂತದ ಬುನಾದಿಯಲ್ಲಿ ಈ ಮಾತೂ ಸೇರಿದೆ. ಅವರ ಬಳಿ ಡಾಕ್ಟರೇಟ್ ಪಡೆದವರಲ್ಲಿ ಓಪನ್‌ಹೈಮರ್ ಒಬ್ಬರು.

1933ರ ಏಪ್ರಿಲ್‌ನಲ್ಲಿ ಹಿಟ್ಲರನ ಸರ್ಕಾರ ಒಂದು ಕಾನೂನು ತಂದಿತು. ಅದರಂತೆ ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆದುಹಾಕತೊಡಗಿದರು. ಅಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಸರ್ಕಾರಿ ನೌಕರರೇ. ಅಮಾನತುಗೊಂಡವರ ಪಟ್ಟಿಯಲ್ಲಿ ತಮ್ಮ ಹೆಸರಿರುವುದನ್ನು ಬಾರ್ನ್ ಪತ್ರಿಕೆಯಲ್ಲಿ ಓದಿದರು. ಹನ್ನೆರಡು ವರ್ಷ ಕಟ್ಟಿ ಬೆಳೆಸಿದ ವಿಭಾಗ ಒಂದೇ ದಿನದಲ್ಲಿ ಕೈತಪ್ಪಿತು. ಅವರು ಸಂಸಾರ ಸಮೇತ ದೇಶ ಬಿಟ್ಟರು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರಿಗೆ ಸ್ಟೋಕ್ಸ್ ಲೆಕ್ಚರರ್ ಎಂಬ ಸ್ಥಾನ ಕೊಟ್ಟಿತು. ಅದರ ಅವಧಿ ಮೂರು ವರ್ಷ. ವಿಭಾಗದ ಮುಖ್ಯಸ್ಥರಾಗಿದ್ದವರು ಈಗ ಉಪನ್ಯಾಸಕರು. ಜರ್ಮನ್ ಭಾಷೆಯಲ್ಲಿ ಪಾಠ ಹೇಳಿದವರು ಈಗ ಇಂಗ್ಲಿಷಿನಲ್ಲಿ ಹೇಳಬೇಕು. ಮುಂದೇನು ಎಂಬುದು ಗೊತ್ತಿಲ್ಲ. ಆದರೂ ಕಾಯುತ್ತ ಕೂರಲಿಲ್ಲ. ಪೋಲೆಂಡಿನಿಂದ ಬಂದಿದ್ದ ಕಿರಿಯ ವಿಜ್ಞಾನಿ ಇನ್‌ಫೆಲ್ಡ್ ಜೊತೆಗೂಡಿ ವಿದ್ಯುತ್ಕಾಂತ ಕ್ಷೇತ್ರದ ಹೊಸ ಸಿದ್ಧಾಂತವೊಂದನ್ನು ರೂಪಿಸಿದರು. 1935ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ 'ಅಟಾಮಿಕ್ ಫಿಸಿಕ್ಸ್' ದಶಕಗಳ ಕಾಲ ಕಾಲೇಜುಗಳಲ್ಲಿ ಪಠ್ಯವಾಗಿ ಉಳಿಯಿತು. ಜನಸಾಮಾನ್ಯರಿಗಾಗಿ ಬರೆದ ಇನ್ನೊಂದು ಪುಸ್ತಕದ ಪುಟಗಳ ಅಂಚಿನಲ್ಲಿ ಚಿಕ್ಕ ಚಿತ್ರಗಳಿದ್ದವು. ಪುಟಗಳನ್ನು ಸರಸರನೆ ತಿರುವಿದರೆ ಚಿತ್ರ ಚಲಿಸಿದಂತೆ ಕಾಣುತ್ತಿತ್ತು.

ಆ ಸಮಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಸರ್ ಸಿ. ವಿ. ರಾಮನ್ ನಿರ್ದೇಶಕರಾಗಿದ್ದರು. ಜರ್ಮನಿ ಹೊರದೂಡಿದ ವಿದ್ವಾಂಸರು ನಮ್ಮಲ್ಲಿಗೆ ಬರಲಿ ಎಂಬುದು ಅವರ ಹಂಬಲ. ಅವರ ಆಹ್ವಾನದ ಮೇಲೆ ಬಾರ್ನ್ ದಂಪತಿಗಳು 1935ರ ಕೊನೆಯ ಭಾಗದಲ್ಲಿ ಬಂದು ಸುಮಾರು ಆರು ತಿಂಗಳು ಇಲ್ಲಿ ನೆಲೆಸಿದರು. ಬಾರ್ನ್ ಇಲ್ಲಿ ಪಾಠ ಹೇಳಿದರು; 137 ಎಂಬ ನಿಗೂಢ ಸಂಖ್ಯೆಯನ್ನು ಕುರಿತು ಉಪನ್ಯಾಸ ಕೊಟ್ಟರು; ರಾಮನ್ ಅವರ ಶಿಷ್ಯ ನಾಗೇಂದ್ರನಾಥ್ ಜೊತೆ ಸೇರಿ ಸಂಶೋಧನಾ ಲೇಖನ ಬರೆದರು. ಅವರಿಗೆ ಇಲ್ಲಿಯೇ ಕಾಯಂ ಹುದ್ದೆ ಕೊಡಬೇಕೆಂದು ರಾಮನ್ ಸಭೆಯಲ್ಲಿ ಸೂಚಿಸಿದಾಗ, ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಅದನ್ನು ಕಟುವಾಗಿ ವಿರೋಧಿಸಿದರು. ಸ್ವದೇಶದಿಂದ ಹೊರಹಾಕಲ್ಪಟ್ಟ ಎರಡನೆಯ ದರ್ಜೆಯ ವಿದೇಶೀಯ ನಮಗೆ ಸಾಲದು ಎಂಬುದು ಆ ಮಾತಿನ ಸಾರ. ಅಂದು ಮನೆಗೆ ಹಿಂದಿರುಗಿ ಪತ್ನಿಯ ಎದುರು ಅತ್ತುಬಿಟ್ಟೆ ಎಂದು ಬಾರ್ನ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಹುದ್ದೆ ಆಗಲಿಲ್ಲ.

ಕೇಂಬ್ರಿಜ್‌ಗೆ ಮರಳಿದಾಗ ಅಲ್ಲಿನ ಅವಧಿಯೂ ಮುಗಿಯುತ್ತ ಬಂದಿತ್ತು. ಮಾಸ್ಕೋಗೆ ಹೋಗುವ ಯೋಚನೆಯಿಂದ ರಷ್ಯನ್ ಭಾಷೆ ಕಲಿಯಲು ಆರಂಭಿಸಿದ್ದರು. ಅಷ್ಟರಲ್ಲಿ, 1936ರಲ್ಲಿ, ಸ್ಕಾಟ್‌ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಹುದ್ದೆ ದೊರೆಯಿತು. 1953ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿ ಹಲವು ದೇಶಗಳ ವಿದ್ಯಾರ್ಥಿಗಳನ್ನು ತಯಾರು ಮಾಡಿದರು. 1926ರಲ್ಲಿ ಹೇಳಿದ್ದ ಆ ಸಂಭವನೀಯತೆಯ ಮಾತಿಗಾಗಿ 1954ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಆಗ ಅವರ ವಯಸ್ಸು 71.

ಈ ಬಾಳಿನಿಂದ ನಾವು ತಿಳಿಯಬೇಕಾದುದೇನು? ಕಷ್ಟಪಟ್ಟರೆ ಎಲ್ಲರಿಗೂ ಎಡಿನ್‌ಬರೋ ಸಿಗುತ್ತದೆ ಎಂದು ನಾನು ಹೇಳಲಾರೆ. ಅದೇ ಕಾನೂನಿಗೆ ಸಿಕ್ಕಿ ಮತ್ತೆ ನೆಲೆ ಕಾಣದೆ ಹೋದವರೂ ಉಂಟು. ಬಾರ್ನ್ ಅವರ ಕೈಯಲ್ಲಿದ್ದದ್ದು ಒಂದೇ: ಕೊಟ್ಟ ಅವಧಿ ಮೂರು ವರ್ಷವಾಗಲಿ, ಆರು ತಿಂಗಳಾಗಲಿ, ಅದನ್ನು ಪೂರ್ಣ ಕೆಲಸವೆಂದು ತಿಳಿದು ಮಾಡುವುದು. ಹೋದ ಕಡೆಯಲ್ಲೆಲ್ಲ ಅವರು ಕಿರಿಯರ ಜೊತೆ ಕುಳಿತರು, ಪಾಠ ಹೇಳಿದರು, ಬರೆದರು. ಹುದ್ದೆಯನ್ನು ಸರ್ಕಾರ ಕಿತ್ತುಕೊಳ್ಳಬಲ್ಲದು. ಈ ಅಭ್ಯಾಸವನ್ನು ಕಿತ್ತುಕೊಳ್ಳಲಾರದು.

ಇನ್ನೊಂದು ವಿಷಯ ಬರಮಾಡಿಕೊಳ್ಳುವವರಾದ ನಮಗೆ ಸೇರಿದ್ದು. ರಾಮನ್ ಕಂಡದ್ದನ್ನು ಆ ಸಭೆ ಕಾಣಲಿಲ್ಲ. ಬೆಂಗಳೂರು ಒಬ್ಬ ಮಹಾನ್ ಗುರುವನ್ನು ಕಳೆದುಕೊಂಡಿತು. ನಿಮ್ಮ ಕಾಲೇಜಿನಲ್ಲಿಯೂ ಅತಿಥಿ ಉಪನ್ಯಾಸಕರು ಇರಬಹುದು. ಅವರ ನೇಮಕಾತಿ ಎಷ್ಟು ದಿನದ್ದು ಎಂದು ಲೆಕ್ಕ ಹಾಕುವ ಮೊದಲು, ಅವರು ತಂದಿರುವ ವಿದ್ಯೆ ಎಂಥದು ಎಂದು ಕೇಳಿ ನೋಡಿ. ನಾಳೆ ನೀವೇ ಪರಸ್ಥಳದಲ್ಲಿ ಪಾಠ ಹೇಳಲು ನಿಂತಾಗ, ನಿಮ್ಮ ಎದುರು ಕುಳಿತವರಿಂದ ನೀವು ಬಯಸುವುದೂ ಅದನ್ನೇ.