ಹಕ್ಕಿಗೆ ದನಿಯನ್ನು ಕೊಟ್ಟ ಕವಿ: ಡಾ. ಸಿದ್ಧಲಿಂಗಯ್ಯ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ದಿವಂಗತ ಕವಿ ಡಾ. ಸಿದ್ಧಲಿಂಗಯ್ಯನವರನ್ನು ಕುರಿತು ಈ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ತಮ್ಮ ಈ ವಿಶ್ವಾಸಕ್ಕೆ ನಾನು ಋಣಿ. ಸತ್ತವರನ್ನು ಗೌರವಿಸುವುದು ನಮ್ಮ ಜನಕ್ಕೆ ಚೆನ್ನಾಗಿ ತಿಳಿದ ವಿದ್ಯೆ. ಭಾವಚಿತ್ರಕ್ಕೆ ಹಾರ ಹಾಕುತ್ತೇವೆ, ದೀಪ ಹಚ್ಚುತ್ತೇವೆ, ಅವರ ಬಿರುದುಗಳನ್ನು ಸಾಲಾಗಿ ಓದುತ್ತೇವೆ. ಅದು ತಪ್ಪೆಂದು ನಾನು ಹೇಳುವವನಲ್ಲ. ಆದರೆ ಅವರು ಬದುಕಿದ್ದಾಗ ನಮ್ಮನ್ನು ಏನು ಕೇಳಿದ್ದರು, ಅದಕ್ಕೆ ನಾವು ಏನು ಉತ್ತರ ಕೊಟ್ಟೆವು ಎಂಬುದನ್ನು ವಿಚಾರಿಸದಿದ್ದರೆ ಆ ಗೌರವ ಹೂವಿನೊಡನೆಯೇ ಬಾಡಿಹೋಗುತ್ತದೆ. ಆದಕಾರಣ ಇಂದು ಅವರ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಮಾತನಾಡಲು ಅನುಮತಿಯನ್ನು ಬೇಡುತ್ತೇನೆ.

ಸಿದ್ಧಲಿಂಗಯ್ಯನವರು ಹುಟ್ಟಿದ್ದು 1954ನೆಯ ಇಸವಿಯ ಫೆಬ್ರವರಿ 3ರಂದು, ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ. ಅದು ಅಸ್ಪೃಶ್ಯರೆಂದು ಊರಿನ ಹೊರಗಿಟ್ಟ ಜನರ ಮನೆ. ಅವರ ಆತ್ಮಕಥೆಯಾದ 'ಊರುಕೇರಿ'ಯ ಆರಂಭದಲ್ಲಿಯೇ ಒಂದು ಪ್ರಸಂಗ ಬರುತ್ತದೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲಿಗೆ ಎತ್ತುಗಳಂತೆ ನೊಗ ಹೂಡಿ ಮತ್ತೊಬ್ಬನು ಉಳುತ್ತಿದ್ದಾನೆ. ನೋಡುವ ಮಗುವಿಗೆ ಮೊದಲು ಅದು ತಮಾಷೆಯಾಗಿ ತೋರುತ್ತದೆ. ಆ ಇಬ್ಬರಲ್ಲಿ ಒಬ್ಬನು ತನ್ನ ತಂದೆಯೆಂದು ತಿಳಿದಾಗ ಸಂಕಟವಾಗುತ್ತದೆ. ಇದು ಯಾವುದೋ ಪುರಾತನ ಕಾಲದ ಸಂಗತಿಯಲ್ಲ. ನಮ್ಮ ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂದ ಮೇಲೆ ಹುಟ್ಟಿದ ಮಗು ಕಂಡ ದೃಶ್ಯ.

ಮುಂದೆ ಆ ಕುಟುಂಬವು ಬೆಂಗಳೂರಿಗೆ ಬಂದು ಶ್ರೀರಾಂಪುರದ ಬಡವರ ನಡುವೆ ನೆಲಸಿತು. ಬಡ ವಿದ್ಯಾರ್ಥಿಗಳ ವಸತಿನಿಲಯದ ಆಶ್ರಯದಲ್ಲಿ ಬಾಲಕನ ಓದು ಸಾಗಿತು. ಮನೆಯಲ್ಲಿ ಓದಲು ಸ್ಥಳವಿಲ್ಲದವನಿಗೆ ಸ್ಮಶಾನದ ಸಮಾಧಿಗಳ ನಡುವಣ ಮೌನವೇ ಅಧ್ಯಯನದ ಕೋಣೆಯಾಯಿತು. ಹಾಗೆ ಓದಿದ ಹುಡುಗನೇ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಪ್ರಾಧ್ಯಾಪಕನಾದನು. ವಿದ್ಯಾರ್ಥಿ ಮಿತ್ರರು ಇದನ್ನು ಕೇಳಿ ಬರಿಯ ಸಾಹಸದ ಕಥೆಯೆಂದು ಸಂತೋಷಪಟ್ಟರೆ ಸಾಲದು. ಅಂಥ ವಸತಿನಿಲಯದ ಬಾಗಿಲು ತೆರೆಯದೆ ಹೋದ ಎಷ್ಟು ಮಕ್ಕಳು ಹೊಲದಲ್ಲಿಯೇ ಉಳಿದರೆಂಬುದನ್ನೂ ಇದರೊಡನೆಯೇ ಯೋಚಿಸಬೇಕು.

ಈಗ ಹಕ್ಕಿನ ಮಾತಿಗೆ ಬರೋಣ. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿರ್ಮೂಲ ಮಾಡಿದೆಯೆಂದು ಸಾರುತ್ತದೆ. ಅದನ್ನು ಆಚರಿಸುವವರನ್ನು ಶಿಕ್ಷಿಸುವುದಕ್ಕಾಗಿ 1955ರಲ್ಲಿ ಒಂದು ಕಾನೂನಾಯಿತು. 1976ರಲ್ಲಿ ಅದನ್ನು ಬಲಪಡಿಸಿ 'ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ'ವೆಂದು ಹೆಸರಿಟ್ಟರು. ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇರೆ ಬೇಕಿಲ್ಲ. ಆದರೆ ಕಾನೂನಿನ ಅಕ್ಷರಕ್ಕೂ ಊರಿನ ಬಾವಿಗೂ ನಡುವೆ ಬಹು ದೂರವಿದೆ. ನಮ್ಮ ಈ ಸೋಲಾಪುರದ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು 12ನೆಯ ಶತಮಾನದಲ್ಲಿ ಇಲ್ಲಿ ಕೆರೆಯನ್ನು ಕಟ್ಟಿಸಿದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಕೆರೆ ಕಟ್ಟುವುದು ಪುಣ್ಯಕಾರ್ಯವೆಂದು ನಂಬಿದ ಈ ನಾಡಿನಲ್ಲಿಯೇ, ಕಟ್ಟಿದ ಕೆರೆಯಿಂದ ಒಂದು ಬೊಗಸೆ ನೀರು ಕುಡಿಯುವುದಕ್ಕೆ ಮನುಷ್ಯರು ಹೋರಾಡಬೇಕಾಯಿತು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನಸಭೆಯು 1923ರಲ್ಲಿಯೇ ನಿರ್ಣಯಿಸಿತ್ತು. ಆದರೂ 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡಕರರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಗೆ ನಡೆದುಹೋಗಿ ನೀರನ್ನು ಮುಟ್ಟಬೇಕಾಯಿತು. ಅದಕ್ಕೆ ಪ್ರತಿಯಾಗಿ ಆ ಜನರು ಏಟನ್ನೂ ತಿನ್ನಬೇಕಾಯಿತು. ನಿರ್ಣಯವು ಇದ್ದರೆ ಸಾಲದು. ಅದು ತನ್ನದೆಂದು ತಲೆಯೆತ್ತಿ ಕೇಳುವ ಮನುಷ್ಯನೂ ಇರಬೇಕು. ಆ ಮನುಷ್ಯನ ಕೊರಳಿಗೆ ಕನ್ನಡದಲ್ಲಿ ದನಿಯನ್ನು ಕೊಟ್ಟವರು ಸಿದ್ಧಲಿಂಗಯ್ಯನವರು.

ಅವರು ಬೆಳೆದ ಕಾಲವನ್ನು ಸ್ವಲ್ಪ ನೆನೆಯಬೇಕು. 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಸಂಘಟನೆಯು ಹುಟ್ಟಿತು. ಮರಾಠಿಯ ತರುಣ ಕವಿಗಳು ಗಲ್ಲಿಗಳ ಮಾತನ್ನೇ ಕಾವ್ಯಕ್ಕೆ ತಂದರು. 1973ರ ನವೆಂಬರದಲ್ಲಿ, ದೇವರಾಜ ಅರಸರ ಸಂಪುಟದ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಭಾಗವು ಬೂಸಾ ಎಂಬರ್ಥದ ಮಾತನ್ನಾಡಿದರು. ನಾಡೆಲ್ಲ ಕೋಲಾಹಲವೆದ್ದಿತು. ಅವರು ಮಂತ್ರಿಪದವಿಯನ್ನು ಬಿಡಬೇಕಾಯಿತು. ಏನೂ ಅರಿಯದ ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು. ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ಸಿದ್ಧಲಿಂಗಯ್ಯನವರು ಬಸವಲಿಂಗಪ್ಪನವರ ಪರವಾಗಿ ನಿಂತು ಮಾತನಾಡಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಸಾಹಿತ್ಯದಲ್ಲಿ ತನ್ನ ಜನರ ಬಾಳು ಕಾಣುವುದಿಲ್ಲವೆಂದು ದೂರಿದವನಿಗೆ ಎರಡು ದಾರಿಗಳಿರುತ್ತವೆ. ಆ ಸಾಹಿತ್ಯವನ್ನು ತೊರೆದು ಹೋಗುವುದು ಒಂದು. ತಾನೇ ಅದರೊಳಗೆ ಕಾಲಿಟ್ಟು ಕೊರತೆಯನ್ನು ತುಂಬುವುದು ಇನ್ನೊಂದು. ಸಿದ್ಧಲಿಂಗಯ್ಯನವರು ಎರಡನೆಯದನ್ನು ಆರಿಸಿಕೊಂಡರು. 1975ರಲ್ಲಿ ಅವರ ಮೊದಲನೆಯ ಸಂಕಲನವಾದ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಬೈಗುಳವಾಗಿ ಬಳಸುತ್ತಿದ್ದ ಎರಡು ಜಾತಿಗಳ ಹೆಸರನ್ನು ಪುಸ್ತಕದ ಮುಖಪುಟದ ಮೇಲೆ ಕವಿಯು ತಾನೇ ಬರೆದುಕೊಂಡನು. ಆ ಪದದಲ್ಲಿದ್ದ ಅವಮಾನವನ್ನು ಕಿತ್ತೊಗೆಯುವುದಕ್ಕೆ ಅದೊಂದು ಉಪಾಯವಾಗಿತ್ತು. ಹೆಸರಿನಲ್ಲಿ 'ಕಾವ್ಯ'ವೆನ್ನದೆ 'ಹಾಡು' ಎಂದದ್ದೂ ಆಕಸ್ಮಿಕವಲ್ಲ. ಯಾರಿಗಾಗಿ ಬರೆದರೋ ಆ ಜನರಲ್ಲಿ ಬಹುಮಂದಿಗೆ ಅಕ್ಷರವು ಬಾರದು. ಹಾಡಾದರೆ ಓದಬೇಕಾಗಿಲ್ಲ, ಒಮ್ಮೆ ಕೇಳಿದರೆ ನಾಲಗೆಯ ಮೇಲೆ ನಿಲ್ಲುತ್ತದೆ.

ಆ ಹಾಡುಗಳಲ್ಲಿ 'ನನ್ನ ಜನಗಳು' ಎಂಬುದನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಕಲ್ಲು ಹೊರುವವರು, ಹಸಿವಿನಿಂದ ಸಾಯುವವರು, ಒದೆ ತಿನ್ನುವವರು ಅಲ್ಲಿ ಒಬ್ಬರ ಹಿಂದೊಬ್ಬರು ನಡೆದುಬರುತ್ತಾರೆ. ಸ್ವಾತಂತ್ರ್ಯವು ಬಂದುದು ಯಾರ ಮನೆಗೆ ಎಂದು ಕೇಳುವ ಹಾಡು ಮತ್ತೊಂದು. ಬಿ. ಕೃಷ್ಣಪ್ಪನವರು, ದೇವನೂರ ಮಹಾದೇವ ಮೊದಲಾದವರೊಡನೆ ಸಿದ್ಧಲಿಂಗಯ್ಯನವರೂ ಸೇರಿ ಕಟ್ಟಿದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಈ ಹಾಡುಗಳು ತಮಟೆಯೊಡನೆ ಹಳ್ಳಿಯಿಂದ ಹಳ್ಳಿಗೆ ಹೋದವು. ಅರ್ಜಿಯನ್ನು ಬರೆಯಲಾರದವನು ಹಾಡನ್ನು ಹಾಡಿದನು. ಕಚೇರಿಯ ಮುಂದೆ ಕೈಮುಗಿದು ನಿಲ್ಲುತ್ತಿದ್ದವನು ಹತ್ತು ಜನರೊಡನೆ ದನಿಗೂಡಿಸಿ ನಿಂತನು. ಭೂಮಿಯನ್ನು ಕೇಳುವುದಕ್ಕೂ, ಕೂಲಿಯನ್ನು ಕೇಳುವುದಕ್ಕೂ ಮೊದಲು ಕೇಳುವ ಧೈರ್ಯವು ಬೇಕು. ಕರ್ನಾಟಕದಲ್ಲಿ ನಾಗರಿಕ ಹಕ್ಕುಗಳ ಚರಿತ್ರೆಯನ್ನು ಬರೆಯುವವರು ನ್ಯಾಯಾಲಯದ ತೀರ್ಪುಗಳೊಡನೆ ಈ ಹಾಡುಗಳನ್ನೂ ಸೇರಿಸಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ.

ಕೋಪವೊಂದೇ ಅವರ ಬಂಡವಾಳವಾಗಿತ್ತೆಂದು ತಿಳಿಯಬಾರದು. 'ಸಾವಿರಾರು ನದಿಗಳು' ಸಂಕಲನದಲ್ಲಿ ಕಿಚ್ಚಿನೊಡನೆ ಆಶೆಯೂ ಹರಿಯುತ್ತದೆ; ಅಲ್ಲಿಂದಾಚೆಗೆ ಪ್ರೀತಿಯ ಕವಿತೆಗಳೂ ಬಂದವು. 'ಊರುಕೇರಿ'ಯನ್ನು ಓದಿದವರಿಗೆ ಅದರ ನಗೆಯು ಮರೆಯದು. ಹಸಿವನ್ನೂ ಅವಮಾನವನ್ನೂ ಹೇಳುವಾಗ ಕಣ್ಣೀರು ತರಿಸಲು ಹವಣಿಸದೆ, ಪಕ್ಕದಲ್ಲಿ ಕುಳಿತ ಗೆಳೆಯನಂತೆ ನಗಿಸುತ್ತ ಹೇಳುತ್ತಾರೆ. ಓದುಗನು ನಕ್ಕು ಮುಗಿಸಿದ ಮೇಲೆ ತಾನು ನಕ್ಕದ್ದು ಯಾವುದಕ್ಕೆಂದು ನೆನೆದು ಸುಮ್ಮನಾಗುತ್ತಾನೆ. ನೊಂದವನು ಹೀಗೆ ನಗಬಲ್ಲನೆಂದರೆ ಅವನು ದಯೆಯನ್ನು ಬೇಡುತ್ತಿಲ್ಲವೆಂದು ಅರ್ಥ. ನಮಗೆ ಸಮಾನನಾಗಿ ಕುಳಿತು ಮಾತನಾಡುತ್ತಿದ್ದಾನೆ.

ಗ್ರಾಮದೇವತೆಗಳನ್ನು ಕುರಿತ ಸಂಶೋಧನೆಗಾಗಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ವಿಚಾರವಾದಿಯಾದ ಈ ಕವಿಯು ಹಳ್ಳಿಯ ಮಾರಿ, ಮಸಣಿಯರನ್ನು ಮೂಢನಂಬಿಕೆಯೆಂದು ತಳ್ಳಿಹಾಕಿ ಮುಂದೆ ಹೋಗಲಿಲ್ಲ. ಗ್ರಂಥಗಳಲ್ಲಿ ಚರಿತ್ರೆಯಿಲ್ಲದ ಜನರ ನೆನಪು ಅವರ ದೇವತೆಗಳ ಕಥೆಗಳಲ್ಲಿ ಉಳಿದಿರುತ್ತದೆಂದು ತಿಳಿದು ಅವನ್ನು ಕಿವಿಗೊಟ್ಟು ಕೇಳಿದರು. ಪ್ರಾಣಿಹಿಂಸೆಯನ್ನಾಗಲಿ ಹೆಣ್ಣಿನ ಶೋಷಣೆಯನ್ನಾಗಲಿ ಒಪ್ಪದೆಯೂ ಜನರನ್ನು ಪ್ರೀತಿಸಬಹುದೆಂಬ ವಿವೇಕವು ಇದರಲ್ಲಿದೆ.

1988ರಿಂದ ಎರಡು ಅವಧಿಗಳಲ್ಲಿ ಅವರು ಕರ್ನಾಟಕದ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. ಬೀದಿಯ ಕವಿಯು ಅಧಿಕಾರದ ಸಮೀಪಕ್ಕೆ ಹೋದನೆಂದು ಅವರ ಸಂಗಾತಿಗಳಲ್ಲಿಯೇ ಕೆಲವರು ಆಕ್ಷೇಪಿಸಿದರು. ಆ ಆಕ್ಷೇಪವನ್ನು ಮುಚ್ಚಿಡುವುದು ಸತ್ತವರಿಗೆ ಮಾಡುವ ಗೌರವವಲ್ಲ. ಹೋರಾಟಗಾರನು ಸದನದ ಒಳಗಿರಬೇಕೋ ಹೊರಗಿರಬೇಕೋ ಎಂಬುದು ಹಳೆಯ ವಿವಾದ. ಪ್ರಾಮಾಣಿಕರು ಎರಡು ಪಕ್ಷದಲ್ಲಿಯೂ ಇದ್ದಾರೆ. ಪರಿಷತ್ತಿನಲ್ಲಿ ಅವರು ಆಡಿದ ಮಾತುಗಳು 'ಸದನದಲ್ಲಿ ಸಿದ್ಧಲಿಂಗಯ್ಯ' ಎಂಬ ಹೆಸರಿನಿಂದ ಪುಸ್ತಕರೂಪದಲ್ಲಿ ಬಂದಿವೆ. ತೂಗಿ ನೋಡಬೇಕೆನ್ನುವವರು ಅವನ್ನು ಓದಿ ನಿರ್ಣಯಿಸಬಹುದು. ಮುಂದೆ ಅವರು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. 2015ರಲ್ಲಿ ಶ್ರವಣಬೆಳಗೊಳದ 81ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಸಾಹಿತ್ಯವು ಬೂಸಾ ಎಂದವರ ಪರವಾಗಿ ನಿಂತ ಹುಡುಗನನ್ನೇ ನಾಲ್ಕು ದಶಕಗಳ ತರುವಾಯ ಕನ್ನಡ ಸಾಹಿತ್ಯವು ತನ್ನ ಸಮ್ಮೇಳನಕ್ಕೆ ಅಧ್ಯಕ್ಷನನ್ನಾಗಿ ಕರೆಯಿತು. ಇದು ಅವರೊಬ್ಬರ ಏಳಿಗೆಯಷ್ಟೇ ಅಲ್ಲ. ಕನ್ನಡವೂ ಆ ನಡುವೆ ಸ್ವಲ್ಪ ದೊಡ್ಡದಾಗಿತ್ತೆಂಬುದಕ್ಕೆ ಸಾಕ್ಷಿ. 2021ರ ಜೂನ್ 11ರಂದು, ಕೋವಿಡ್ ವ್ಯಾಧಿಯಿಂದ ಅವರು ಬೆಂಗಳೂರಿನಲ್ಲಿ ಕಾಲವಶರಾದರು. ಆಗ ಅವರಿಗೆ 67 ವರ್ಷ. 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರಿಗೆ ಮರಣೋತ್ತರವಾಗಿ ಸಂದಿತು.

ಇನ್ನು ನಮ್ಮ ಪಾಲಿನ ಉತ್ತರ. ನಾವು ಮಕ್ಕಳಿಗೆ ಕನ್ನಡವನ್ನು ಕಲಿಸುತ್ತೇವೆ. ಯಾವ ಕನ್ನಡವನ್ನು? ಪುಸ್ತಕದ ಶುದ್ಧ ಕನ್ನಡವನ್ನು ಕಲಿಸಲೇಬೇಕು. ಅದು ಎಲ್ಲ ಮಕ್ಕಳ ಹಕ್ಕು. ಆದರೆ ಕೇರಿಯಿಂದ ಬಂದ ಮಗುವು ತನ್ನ ತಾಯಿಯ ಮಾತಿನಲ್ಲಿ ಉತ್ತರ ಹೇಳಿದಾಗ ತರಗತಿಯು ನಕ್ಕರೆ, ಆ ಮಗು ಅಂದಿನಿಂದ ಬಾಯಿ ಮುಚ್ಚುತ್ತದೆ. ಯಾವ ಮಾತನ್ನು ನಾವು ನಕ್ಕು ಅಡಗಿಸುತ್ತೇವೆಯೋ ಅದೇ ಮಾತಿನಿಂದಲೇ ಸಿದ್ಧಲಿಂಗಯ್ಯನವರು ಕಾವ್ಯವನ್ನು ಕಟ್ಟಿದರು. ಆದ್ದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಪ್ರಾರ್ಥನೆ: ತಪ್ಪನ್ನು ತಿದ್ದಿರಿ, ಮಗುವನ್ನು ಕುಗ್ಗಿಸಬೇಡಿರಿ. ಹಿರಿಯರಲ್ಲಿ ಇನ್ನೊಂದು: ಕುಡಿಯುವ ನೀರಿನ ಬಳಿಯಲ್ಲಿ, ಊಟದ ಸಾಲಿನಲ್ಲಿ, ಹಿಂದಿನ ಬೆಂಚಿನಲ್ಲಿ ಯಾರು ಕುಳಿತಿದ್ದಾರೆಂದು ಆಗಾಗ ಬಂದು ನೋಡಿರಿ. ಕಾನೂನಿನ ಪುಸ್ತಕವು ತಲಪದ ಸ್ಥಳಗಳು ಇವೇ.

ವಿದ್ಯಾರ್ಥಿ ಮಿತ್ರರೇ, ನಿಮಗೆ ನಾನು ಕೊಡುವ ಕೆಲಸ ಬಹು ಚಿಕ್ಕದು. ಈ ಕವಿಯ ಒಂದು ಹಾಡನ್ನು ಕಲಿಯಿರಿ. ಬಳಿಕ ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಶಾಲೆಗೆ ಹೋಗದ ಒಬ್ಬ ಅಜ್ಜಿಯ ಬಳಿ ಕುಳಿತು, ಆಕೆ ತನ್ನ ದುಡಿಮೆಯನ್ನು ಕುರಿತು ಹೇಳುವುದನ್ನು ಆಕೆಯ ಮಾತಿನಲ್ಲಿಯೇ ಒಂದು ಪುಟ ಬರೆದುಕೊಳ್ಳಿರಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂಥ ಪುಟಗಳು ಅಚ್ಚಾದರೆ, ಅದು ಸಿದ್ಧಲಿಂಗಯ್ಯನವರಿಗೆ ಹಾರಕ್ಕಿಂತಲೂ ಒಪ್ಪುವ ಗೌರವವೆಂದು ನನ್ನ ನಂಬಿಕೆ.